ಹೊಲದಲ್ಲಿ ಸಿಕ್ಕ ಕಲ್ಲಿನ ಮೊನೆಗೆ ವಯಸ್ಸೆಷ್ಟು?

ಮುಂಗಾರಿನ ಮೊದಲ ಮಳೆಗೆ ಮೇಲ್ಮಣ್ಣು ತೊಳೆದುಹೋದ ಮೇಲೆ ರಾಯಚೂರು, ಯಾದಗಿರಿ, ಬಳ್ಳಾರಿ, ಬಾಗಲಕೋಟೆ ಕಡೆಯ ಹಳ್ಳದ ದಂಡೆಗಳಲ್ಲಿ, ಮರಡಿಗಳಲ್ಲಿ ಒಂದು ಬಗೆಯ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಬೆರಳುದ್ದ, ಒಂದು ತುದಿ ಚೂಪು, ಅಂಚು ಹರಿತ. ಕುರಿ ಕಾಯುವವರಿಗೆ ಸಿಗುತ್ತವೆ, ಕಳೆ ಕೀಳುವವರಿಗೆ ಸಿಗುತ್ತವೆ, ಶಾಲೆಗೆ ಅಡ್ಡದಾರಿಯಲ್ಲಿ ಹೋಗುವ ಮಕ್ಕಳಿಗಂತೂ ಎಲ್ಲರಿಗಿಂತ ಮೊದಲು ಸಿಗುತ್ತವೆ. ಈಗ ಅಂಥ ಕಲ್ಲಿನ ಫೋಟೊ ಸಂಜೆಯೊಳಗೆ ಹತ್ತಾರು ಮೊಬೈಲುಗಳನ್ನು ಮುಟ್ಟುತ್ತದೆ. ಜೊತೆಗೆ ಎರಡು ಪ್ರಶ್ನೆಗಳೂ ಬರುತ್ತವೆ: ಇದು ಬಾಣದ ಮೊನೆಯೇ? ಎಷ್ಟು ಹಳೆಯದು?

ಮೊದಲ ಪ್ರಶ್ನೆಗೆ ಕಲ್ಲನ್ನೇ ನೋಡಿ ಬಹುಮಟ್ಟಿಗೆ ಉತ್ತರ ಹೇಳಬಹುದು. ಎರಡನೆಯದಕ್ಕೆ ಕಲ್ಲೊಂದೇ ಸಾಲದು, ಅದು ಬಿದ್ದಿದ್ದ ನೆಲ ಬೇಕು. ಫೋಟೊ ಕಳಿಸುವವರು ಸಾಮಾನ್ಯವಾಗಿ ಕಲ್ಲನ್ನು ಚೆನ್ನಾಗಿ ತೊಳೆದು, ಮೇಜಿನ ಮೇಲಿಟ್ಟು, ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದಿರುತ್ತಾರೆ. ನೆಲ ಮಾತ್ರ ಆ ಚಿತ್ರದಲ್ಲಿ ಇರುವುದಿಲ್ಲ.

ಕಲ್ಲಿನಿಂದಲೇ ಶುರುಮಾಡೋಣ. ಚೂಪಾಗಿರುವುದೆಲ್ಲ ಮನುಷ್ಯ ಮಾಡಿದ್ದಲ್ಲ. ಬಿಸಿಲು ಮಳೆಗೆ ಸೀಳಿದ ಕಲ್ಲೂ ಚೂಪಾಗಿರುತ್ತದೆ, ಹಳ್ಳದಲ್ಲಿ ಉರುಳಿ ಒಡೆದ ಕಲ್ಲೂ ಚೂಪಾಗಿರುತ್ತದೆ, ಜಲ್ಲಿ ಕ್ರಷರಿನಿಂದ ಬಿದ್ದ ಚೂರಂತೂ ಕಣ್ಣಿಗೆ ಮೋಸ ಮಾಡುವಷ್ಟು ಚೂಪಾಗಿರುತ್ತದೆ. ಮನುಷ್ಯ ಬೇಕೆಂದೇ ಒಡೆದ ಚಕ್ಕೆಗೆ ಅದರದೇ ಗುರುತುಗಳಿವೆ. ಚಕಮಕಿ ಕಲ್ಲು, ಚರ್ಟ್, ಅಗೇಟು ಮುಂತಾದ ನಯವಾದ ಕಲ್ಲುಗಳಿಗೆ ಒಳಗೆ ಸೀಳುವ ಪದರಗಳಿಲ್ಲ. ಏಟು ಬಿದ್ದ ಜಾಗದಿಂದ ಬಲ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹಾಗೆ ಎದ್ದುಬಂದ ಚಕ್ಕೆಯ ಒಂದು ತುದಿಯಲ್ಲಿ ಏಟು ತಿಂದ ಸಣ್ಣ ಸಮತಟ್ಟು ಜಾಗ ಇರುತ್ತದೆ. ಅದರ ಕೆಳಗೇ, ಒಳಮೈಯಲ್ಲಿ, ಬೆರಳಿಗೆ ತಾಗುವಂಥ ಒಂದು ಉಬ್ಬು. ಆ ಉಬ್ಬಿನಿಂದ ಆಚೆಗೆ, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ, ಬಳಸಿ ಬಳಸಿ ಹೋಗುವ ಏರಿಳಿತ. ಹೊರಮೈಯಲ್ಲಿ ಅದಕ್ಕೂ ಮೊದಲು ಕಿತ್ತ ಚಕ್ಕೆಗಳ ಗಾಯಗಳು. ಇವೆಲ್ಲ ಒಂದೇ ಕಲ್ಲಿನಲ್ಲಿ ಕೂಡಿ ಕಂಡರೆ ಕೈಕೆಲಸವೆಂದು ನಂಬಬಹುದು. ಒಂದೇ ಲಕ್ಷಣವನ್ನು ಹಿಡಿದು ತೀರ್ಮಾನಿಸಬಾರದು, ಏಕೆಂದರೆ ಕ್ರಷರಿನ ಏಟಿಗೂ ಉಬ್ಬು ಮೂಡಬಹುದು.

ಇನ್ನೊಂದು ಗುರುತು ಅಂಚಿನದು. ಮೊನೆ ಮಾಡುವವರು ಚಕ್ಕೆ ಎಬ್ಬಿಸಿ ಸುಮ್ಮನಾಗುವುದಿಲ್ಲ. ಅಂಚಿನುದ್ದಕ್ಕೂ ಒಂದರ ಪಕ್ಕ ಒಂದು ಸಣ್ಣ ಸಣ್ಣ ಚೂರುಗಳನ್ನು ಎಬ್ಬಿಸಿ ಆಕಾರ ತಿದ್ದುತ್ತಾರೆ. ಆ ಸಾಲಿಗೆ ಒಂದು ಕ್ರಮ ಇರುತ್ತದೆ. ಟ್ರ್ಯಾಕ್ಟರಿನ ನೇಗಿಲು ತಾಗಿ, ದನದ ಕಾಲ್ತುಳಿತಕ್ಕೆ ಸಿಕ್ಕಿ ಅಂಚು ಒಡೆದರೆ ಕ್ರಮ ಇರುವುದಿಲ್ಲ, ಒಡೆದ ಜಾಗದ ಬಣ್ಣವೂ ಉಳಿದ ಮೈಗಿಂತ ತಾಜಾ ಆಗಿರುತ್ತದೆ. ಈ ಬಣ್ಣದ ವ್ಯತ್ಯಾಸವನ್ನು ನೋಡಲು ಭೂತಗನ್ನಡಿಯೂ ಬೇಡ, ಬೆಳಗಿನ ಓರೆ ಬಿಸಿಲು ಸಾಕು.

ಬೆಣಚುಕಲ್ಲಿನ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. ಹಳೆ ಮೈಸೂರಿನ ಕಡೆ ಚರ್ಟ್ ಅಪರೂಪ, ಅಲ್ಲಿಯವರು ಬೆಣಚನ್ನೇ ಬಳಸಿದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕ ಸೂಕ್ಷ್ಮ ಶಿಲೋಪಕರಣಗಳಲ್ಲಿ ಹೆಚ್ಚಿನವು ಬೆಣಚಿನವೇ. ಬೆಣಚು ಅಡ್ಡಾದಿಡ್ಡಿ ಒಡೆಯುತ್ತದೆ, ಅಲೆಯ ಗುರುತು ಸರಿಯಾಗಿ ಮೂಡುವುದಿಲ್ಲ. ಪಳಗಿದ ಕಣ್ಣೂ ಅಲ್ಲಿ ನಿಧಾನಿಸುತ್ತದೆ.

ಕೈಕೆಲಸ ಎಂದು ಖಚಿತವಾದರೆ, ಮುಂದಿನದು ಬಗೆ. ಇಲ್ಲಿ ಎಲ್ಲರ ಕಣ್ಣೂ ಚೂಪು ತುದಿಯ ಮೇಲೆ ಹೋಗುತ್ತದೆ. ನೋಡಬೇಕಾದದ್ದು ಬುಡವನ್ನು. ತುದಿ ಎಲ್ಲ ಕಾಲದಲ್ಲೂ ಚೂಪೇ. ಕೋಲಿಗೆ ಕಟ್ಟುವ ರೀತಿ ಮಾತ್ರ ಜನದಿಂದ ಜನಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗಿದೆ, ಅದು ಬುಡದಲ್ಲಿ ಉಳಿದಿರುತ್ತದೆ. ಬುಡ ನೇರವಾಗಿದೆಯೇ, ಒಳಬಾಗಿದೆಯೇ, ಎರಡೂ ಪಕ್ಕದಲ್ಲಿ ದಾರ ಬಿಗಿಯಲು ಕಚ್ಚು ಹಾಕಿದ್ದಾರೆಯೇ, ಕೆಳಗೆ ಬಾಲದ ಹಾಗೆ ಕಿರಿದು ಮಾಡಿದ್ದಾರೆಯೇ? ಕಟ್ಟಿದ ನರ ಕೊಯ್ದುಹೋಗದಿರಲೆಂದು ಬುಡದ ಅಂಚನ್ನು ಬೇಕೆಂದೇ ಉಜ್ಜಿ ಮೊಂಡು ಮಾಡಿದ್ದಾರೆಯೇ? ಬೆರಳಾಡಿಸಿದರೆ ಈ ಮೊಂಡು ತಿಳಿಯುತ್ತದೆ. ತುದಿ ಮುರಿದ ಮೊನೆಯಿಂದಲೂ ಬಗೆ ಹೇಳಬಹುದು, ಬುಡ ಮುರಿದದ್ದರಿಂದ ಹೇಳುವುದು ಬಹಳ ಕಷ್ಟ.

ತೂಕವೂ ಒಂದು ಸುಳಿವು. ಬಿಲ್ಲಿನಿಂದ ಬಿಡುವ ಬಾಣಕ್ಕೆ ಕೆಲವೇ ಗ್ರಾಂ ತೂಕದ ಮೊನೆ ಸಾಕು, ಹೆಚ್ಚಾದರೆ ಬಾಣ ಮುಗ್ಗರಿಸುತ್ತದೆ. ಅಂಗೈ ತುಂಬುವ ಮೊನೆ ಸಿಕ್ಕರೆ ಅದು ಈಟಿಯದು, ಇಲ್ಲವೇ ಎಸೆಗೋಲಿನ ನೆರವಿನಿಂದ ಬೀಸುವ ಭರ್ಜಿಯದು. ಎಷ್ಟೋ ಬಾರಿ ಅದು ಆಯುಧವೇ ಅಲ್ಲ, ಹಿಡಿ ಹಾಕಿದ ಚೂರಿ. ಉತ್ತರ ಅಮೆರಿಕದ ಬಹುಭಾಗದಲ್ಲಿ ಬಿಲ್ಲು ಬಾಣ ಹರಡಿದ್ದು ಸುಮಾರು 1,500 ವರ್ಷಗಳ ಹಿಂದಷ್ಟೇ. ಅಲ್ಲಿಯ ಹೊಲಗಳಲ್ಲಿ ಆರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಬಾಣದ ಮೊನೆಯೆಂದು ಜೋಡಿಸಿಟ್ಟಿರುವ ದೊಡ್ಡ ಮೊನೆಗಳಲ್ಲಿ ಹೆಚ್ಚಿನವು ಅದಕ್ಕಿಂತ ಸಾವಿರಾರು ವರ್ಷ ಹಿಂದಿನ ಭರ್ಜಿಯವು.

ಅಮೆರಿಕದ ಮಾತು ತೆಗೆದದ್ದಕ್ಕೆ ಕಾರಣವಿದೆ. ಮೊನೆಯ ಆಕಾರ ನೋಡಿ ಕಾಲ ಹೇಳುವ ವಿದ್ಯೆ ಅಲ್ಲಿ ಬೆಳೆದಷ್ಟು ಬೇರೆಡೆ ಬೆಳೆದಿಲ್ಲ. ಬುಡದಿಂದ ಮೇಲಕ್ಕೆ ಎರಡೂ ಮೈಯಲ್ಲಿ ತೋಡಿನ ಹಾಗೆ ಚಕ್ಕೆ ಎಬ್ಬಿಸಿದ ಕ್ಲೋವಿಸ್ ಮೊನೆ ಸುಮಾರು 13,000 ವರ್ಷ ಹಿಂದಿನದು. ಅದರ ತೋಡು ಮೊನೆಯ ಅರ್ಧವನ್ನು ದಾಟುವುದು ಅಪರೂಪ. ಅದಕ್ಕಿಂತ ಈಚಿನ, ಅದಕ್ಕಿಂತ ತೆಳುವಾದ ಫಾಲ್ಸಮ್ ಮೊನೆಯಲ್ಲಿ ಆ ತೋಡು ಬುಡದಿಂದ ಹೆಚ್ಚುಕಡಿಮೆ ತುದಿಯವರೆಗೂ ಓಡುತ್ತದೆ. ಪಕ್ಕದಲ್ಲಿ ಕಚ್ಚು ಹಾಕಿದ ಮೊನೆಗಳು ಇವುಗಳ ನಂತರದ ಕಾಲದವು. ಟೆಕ್ಸಾಸಿನಲ್ಲೋ ನ್ಯೂ ಮೆಕ್ಸಿಕೊದಲ್ಲೋ ನೆಲೆಸಿದ ಕನ್ನಡಿಗರಿಗೆ ಹಿತ್ತಲಲ್ಲಿ ಇಂಥದ್ದೊಂದು ಸಿಕ್ಕರೆ, ಮೊನೆಗಳ ಚಿತ್ರಪುಸ್ತಕ ತೆಗೆದು ಹೋಲಿಸಿ ಒಂದೆರಡು ಸಾವಿರ ವರ್ಷದ ಅಂತರದಲ್ಲಿ ಕಾಲ ಹೇಳಿಬಿಡಬಹುದು ಎನ್ನುವ ಮಟ್ಟಿಗೆ ಕೆಲಸ ಆಗಿದೆ.

ಆ ಚಿತ್ರಪುಸ್ತಕಕ್ಕೆ ಬೆಲೆ ಬಂದದ್ದು ಹೇಗೆಂಬುದು ಮುಖ್ಯ. 1908ರ ಆಗಸ್ಟಿನಲ್ಲಿ ನ್ಯೂ ಮೆಕ್ಸಿಕೊದ ಫಾಲ್ಸಮ್ ಊರಿನಲ್ಲಿ ದೊಡ್ಡ ಪ್ರವಾಹ ಬಂತು. ಪ್ರವಾಹ ಇಳಿದ ಮೇಲೆ ಜಾರ್ಜ್ ಮೆಕ್‌ಜಂಕಿನ್ ಎಂಬ ದನಗಾಹಿ ಕುದುರೆಯೇರಿ ಬೇಲಿ ನೋಡಿಕೊಂಡು ಬರುವಾಗ ಕೊರೆದುಹೋದ ಹಳ್ಳದ ಗೋಡೆಯಲ್ಲಿ ಮೂಳೆಗಳನ್ನು ಕಂಡ. ಗುಲಾಮಗಿರಿಯಲ್ಲಿ ಹುಟ್ಟಿ, ತಾನಾಗಿಯೇ ಓದು ಕಲಿತ ಕರಿಯ ಮನುಷ್ಯ ಅವನು. ಅವು ತಾನು ಬಲ್ಲ ಕಾಡೆಮ್ಮೆಯ ಮೂಳೆಗಳಲ್ಲ, ಅದಕ್ಕಿಂತ ದೊಡ್ಡವು ಎಂದು ಅವನಿಗೆ ಹೊಳೆಯಿತು. ಬಂದು ನೋಡಿ ಎಂದು ವರ್ಷಗಟ್ಟಲೆ ಹೇಳಿದ, ಬಂದವರಿಲ್ಲ. 1922ರಲ್ಲಿ ತೀರಿಕೊಂಡ. 1926ರಲ್ಲಿ ಡೆನ್ವರಿನ ಮ್ಯೂಸಿಯಂನವರು ಅಳಿದುಹೋದ ಆ ಕಾಡೆಮ್ಮೆಯ ಅಸ್ಥಿಪಂಜರಕ್ಕಾಗಿ ಅಗೆದಾಗ ಮೂಳೆಗಳ ಜೊತೆಗೆ ಕಲ್ಲಿನ ಮೊನೆಗಳೂ ಸಿಕ್ಕವು. ಆದರೆ ಅವು ಅಗೆಯುವಾಗಲೇ ಜಾಗ ಬಿಟ್ಟು ಸರಿದಿದ್ದವು. ಮೇಲಿನಿಂದ ಜಾರಿ ಬಿದ್ದವು ಇರಬಹುದಲ್ಲ ಎಂದವರ ಬಾಯಿ ಮುಚ್ಚಿಸಲಾಗಲಿಲ್ಲ. ಅಮೆರಿಕಕ್ಕೆ ಮನುಷ್ಯ ಬಂದು ಕೆಲವೇ ಸಾವಿರ ವರ್ಷಗಳಾಗಿವೆ ಎಂದು ಹಟ ಹಿಡಿದಿದ್ದ ಮಾನವಶಾಸ್ತ್ರಜ್ಞ ಅಲೆಶ್ ಹರ್ಡ್ಲಿಚ್ಕಾ ಒಪ್ಪಲಿಲ್ಲ.

1927ರ ಬೇಸಿಗೆಯ ಕೊನೆಗೆ, ಪಕ್ಕೆಲುಬುಗಳ ನಡುವೆ ಇನ್ನೂ ನೆಟ್ಟಂತೆಯೇ ಇದ್ದ ಒಂದು ಮೊನೆ ಕಂಡಿತು. ಈ ಸಲ ಅದನ್ನು ಯಾರೂ ಎತ್ತಲಿಲ್ಲ. ಕೆಲಸ ನಿಲ್ಲಿಸಿ, ಹೆಸರಾಂತ ವಿದ್ವಾಂಸರಿಗೆ ತಂತಿ ಕಳಿಸಿದರು. ಬಾರ್ನಮ್ ಬ್ರೌನ್, ಫ್ರಾಂಕ್ ರಾಬರ್ಟ್ಸ್, ಆಲ್ಫ್ರೆಡ್ ಕಿಡರ್ ಬಂದು, ಮಣ್ಣಿನಲ್ಲಿ ಹುದುಗಿದ್ದ ಮೊನೆಯನ್ನೂ ಮೂಳೆಯನ್ನೂ ಒಟ್ಟಿಗೆ ನೋಡಿದರು. ವಾದ ಅಲ್ಲಿಗೆ ತಿರುಗಿತು. ಹಿಮಯುಗದ ಕೊನೆಗಾಲದ ಪ್ರಾಣಿಯನ್ನು ಮನುಷ್ಯ ಬೇಟೆಯಾಡಿದ್ದ. ಎರಡು ವರ್ಷದ ಮೊನೆಗಳೂ ಒಂದೇ ಬಗೆಯವು, ಒಂದೇ ಜನ ಮಾಡಿದಂಥವು. 1926ರದು ಮೂಲೆ ಸೇರಿತು, 1927ರದು ಒಂದು ಖಂಡದ ಇತಿಹಾಸವನ್ನು ಸಾವಿರಾರು ವರ್ಷ ಹಿಂದಕ್ಕೆ ತಳ್ಳಿತು. ವ್ಯತ್ಯಾಸ ಇದ್ದದ್ದು ಕಲ್ಲು ಕೂತಿದ್ದ ಜಾಗದಲ್ಲಿ.

ಕ್ಲೋವಿಸ್ ಮೊನೆ ಫಾಲ್ಸಮ್‌ಗಿಂತ ಹಳೆಯದೆಂದು ತಿಳಿದದ್ದೂ ಹೀಗೆಯೇ. ಬ್ಲಾಕ್‌ವಾಟರ್ ಡ್ರಾ ಎಂಬಲ್ಲಿ ಕ್ಲೋವಿಸ್ ಇದ್ದ ಪದರ ಕೆಳಗೆ, ಫಾಲ್ಸಮ್ ಇದ್ದ ಪದರ ಮೇಲೆ ಸಿಕ್ಕವು. ಚಿತ್ರಪುಸ್ತಕದ ಪ್ರತಿಯೊಂದು ಆಕಾರದ ಹಿಂದೆಯೂ ಇಂಥದ್ದೊಂದು ಅಗೆತ ಇದೆ. ಆಕಾರ ಹೋಲಿಸಿ ಕಾಲ ಹೇಳುವುದೆಂದರೆ ಬೇರೊಂದು ಜಾಗದ ಮಣ್ಣಿನಿಂದ ಕಾಲವನ್ನು ಸಾಲ ತರುವುದು. ಆ ಸಾಲಕ್ಕೂ ಮಿತಿ ಇದೆ. ಮೊನೆ ಮೊಂಡಾದಾಗ ಬೇಟೆಗಾರ ಅದನ್ನು ಬಿಸಾಡುತ್ತಿರಲಿಲ್ಲ, ಕೋಲಿನಲ್ಲಿ ಇರುವಾಗಲೇ ಅಂಚಿನ ಚಕ್ಕೆ ಎಬ್ಬಿಸಿ ಮತ್ತೆ ಹರಿತ ಮಾಡುತ್ತಿದ್ದ. ಉದ್ದನೆಯ ಮೊನೆ ನಾಲ್ಕಾರು ಸಲ ಹೀಗೆ ಹರಿತಗೊಂಡರೆ ಗಿಡ್ಡವಾಗಿ, ಅಗಲ ಕುಗ್ಗಿ, ಪುಸ್ತಕದ ಇನ್ನೊಂದು ಪುಟದ ಮೊನೆಯಂತೆ ಕಾಣುತ್ತದೆ. ನಂತರದ ಜನರು ಹಳೆಯ ಮೊನೆಗಳನ್ನು ಆರಿಸಿ ತಂದು ತಮ್ಮ ಮನೆಯಲ್ಲಿಟ್ಟುಕೊಂಡದ್ದೂ ಉಂಟು. ಈಗಿನ ಕಾಲದಲ್ಲಿ ಕೈಚಳಕ ಕಲಿತವರು ಹೊಸದಾಗಿ ಮಾಡಿ ಮಾರುತ್ತಾರೆ. ಅಂತರ್ಜಾಲದಲ್ಲಿ ಹಣ ಕೊಟ್ಟು ಮೊನೆ ತರಿಸಿಕೊಳ್ಳುವವರು ಇದನ್ನು ನೆನಪಿಡಬೇಕು.

ಈಗ ನಮ್ಮ ನೆಲಕ್ಕೆ ಬರೋಣ. 1842ರಲ್ಲಿ ಡಾ. ಪ್ರಿಮ್‌ರೋಸ್ ಎಂಬವರು ಲಿಂಗಸುಗೂರಿನಲ್ಲಿ ಕಲ್ಲಿನ ಚೂರಿಗಳನ್ನೂ ಬಾಣದ ಮೊನೆಗಳನ್ನೂ ಕಂಡರು. ಭಾರತದಲ್ಲಿ ಕಲ್ಲಿನ ಉಪಕರಣ ಗುರುತಿಸಿದ ಮೊದಲ ದಾಖಲೆಗಳಲ್ಲಿ ಅದೂ ಒಂದು. ಮನುಷ್ಯನಿಗೆ ಅಷ್ಟು ದೀರ್ಘ ಹಿಂದಿನ ಕಾಲವಿದೆ ಎಂದು ಯೂರೋಪಿನ ವಿದ್ವಾಂಸರೇ ಆಗಿನ್ನೂ ಒಪ್ಪಿರಲಿಲ್ಲ. ಲಿಂಗಸುಗೂರಿಗೆ ಮಸ್ಕಿ ದೂರವಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಅಗೆದಾಗ ಲೋಹ ಬಳಕೆ ಶುರುವಾದ ಕಾಲದ ಚರ್ಟಿನ ಉದ್ದ ಅಲಗುಗಳು ಸಿಕ್ಕವು. ಆ ಸೀಮೆಯ ಹೊಲದಲ್ಲಿ ಎರಡೂ ಅಂಚು ಸಮಾಂತರವಾಗಿರುವ ಚರ್ಟಿನ ಅಲಗು ಸಿಕ್ಕರೆ, ಲಕ್ಷ ವರ್ಷದ್ದೆಂದು ಸಂಭ್ರಮಿಸುವ ಮೊದಲು ಮೂರೂವರೆ ನಾಲ್ಕು ಸಾವಿರ ವರ್ಷದ ರೈತನೊಬ್ಬನ ಉಪಕರಣ ಇರಬಹುದೆಂದು ಯೋಚಿಸಬೇಕು. ಅದೇನೂ ಕಡಿಮೆ ಬೆಲೆಯ ಸಂಗತಿಯಲ್ಲ.

ನಮ್ಮಲ್ಲಿ ಫಾಲ್ಸಮ್‌ನಂಥ, ನೋಡಿದ ಕೂಡಲೇ ಕಾಲ ಹೇಳುವ ಮೊನೆಗಳ ಸರಣಿ ಇಲ್ಲ. ಇಲ್ಲಿನ ಜನ ಆ ದಾರಿಯಲ್ಲಿ ಹೋಗಲಿಲ್ಲ. ಒಂದೇ ಕಲ್ಲನ್ನು ಬಾಣದ ಮೊನೆಯಾಗಿ ಕಡೆಯುವ ಬದಲು, ಉಗುರಿನಷ್ಟು ಸಣ್ಣ ಚಂದ್ರಾಕಾರದ, ತ್ರಿಕೋನಾಕಾರದ ಚೂರುಗಳನ್ನು ಮಾಡಿ, ಅವನ್ನು ಕೋಲಿನ ಸೀಳಿನಲ್ಲಿ ಅಂಟಿನಿಂದ ಕೂರಿಸುವುದು ಉಪಖಂಡದಲ್ಲಿ ಬಹುಕಾಲ ನಡೆದ ಪದ್ಧತಿ. ಒಂದು ಚೂರು ಹೋದರೆ ಇನ್ನೊಂದು ಕೂರಿಸಿದರಾಯಿತು. ಬೇಟೆಯ ದೃಷ್ಟಿಯಿಂದ ಇದು ಬಹಳ ಜಾಣತನದ ಏರ್ಪಾಡು. ಆದರೆ ಕಾಲ ಹೇಳಬೇಕಾದವನಿಗೆ ತೊಡಕು. ಕರ್ನೂಲು ಸೀಮೆಯ ಜ್ವಾಲಾಪುರಂನ ಕಲ್ಲಾಸರೆಯಲ್ಲಿ ಇಂಥ ಸೂಕ್ಷ್ಮ ಉಪಕರಣಗಳು ಸುಮಾರು 35,000 ವರ್ಷ ಹಿಂದಿನಿಂದಲೇ ಕಾಣುತ್ತವೆ. ನೂತನ ಶಿಲಾಯುಗದ ರೈತರ ಹಟ್ಟಿಗಳಲ್ಲೂ ಅವು ಇವೆ. ಅಂಗೈಯಲ್ಲಿರುವ ಒಂದು ಅರ್ಧಚಂದ್ರದ ಚೂರು ಈ ಇಡೀ ಹರವಿನಲ್ಲಿ ಎಲ್ಲಿಯದಾದರೂ ಆಗಿರಬಹುದು.

ಅದಕ್ಕೂ ಹಿಂದಿನ, ಎರಡು ಮೂರು ಬೆರಳಗಲದ ತ್ರಿಕೋನ ಚಕ್ಕೆ ಮೊನೆಗಳ ಕಥೆ ಇನ್ನೂ ದೊಡ್ಡದು. ಒಡೆಯುವ ಮುಂಚೆಯೇ ಗುಂಡುಕಲ್ಲಿನ ಮೈಯನ್ನು ಲೆಕ್ಕ ಹಾಕಿ ತಿದ್ದಿ, ಒಂದೇ ಏಟಿಗೆ ಬೇಕಾದ ಆಕಾರದ ಚಕ್ಕೆ ಎಬ್ಬಿಸುವ ವಿಧಾನದಿಂದ ಮಾಡಿದವು ಇವು. ಚೆನ್ನೈ ಬಳಿಯ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಅಗೆದು, 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಈ ಕೈಚಳಕ ಅಲ್ಲಿ ಶುರುವಾದದ್ದು ಸುಮಾರು 3,85,000 ವರ್ಷಗಳ ಹಿಂದೆ. ಜ್ವಾಲಾಪುರಂನಲ್ಲಿ ಸುಮಾತ್ರಾದ ಟೋಬಾ ಜ್ವಾಲಾಮುಖಿ 74,000 ವರ್ಷದ ಹಿಂದೆ ಉಗುಳಿದ ಬೂದಿಯ ಪದರ ಇದೆ. ಆ ಬೂದಿಯ ಕೆಳಗೂ ಮೇಲೂ ಈ ಪರಂಪರೆಯ ಉಪಕರಣಗಳು ಸಿಕ್ಕಿವೆ. ಅಂದರೆ ಒಂದೇ ಬಗೆಯ ಕೆಲಸ ಮೂರು ಲಕ್ಷ ವರ್ಷಗಳ ಅಂತರದಲ್ಲಿ ಹರಡಿಕೊಂಡಿದೆ. ಮೊಬೈಲಿನ ಚಿತ್ರ ನೋಡಿ ಇದಕ್ಕೊಂದು ಅಂಕಿ ಹೇಳುವವರನ್ನು ನಂಬಬೇಡಿ.

ಹಾಗಾದರೆ ಆ 3,85,000 ಎಲ್ಲಿಂದ ಬಂತು? ಕಲ್ಲನ್ನು ಅಳೆದದ್ದಲ್ಲ, ಅದನ್ನು ಮುಚ್ಚಿದ್ದ ಮಣ್ಣನ್ನು ಅಳೆದದ್ದು. ಕಲ್ಲು ಹುಟ್ಟಿದ್ದು ಕೋಟಿಗಟ್ಟಲೆ ವರ್ಷ ಹಿಂದೆ, ನಮಗೆ ಬೇಕಾದದ್ದು ಅದನ್ನು ಒಡೆದ ದಿನ. ಒಡೆದ ದಿನವನ್ನು ಕಲ್ಲು ಸಾಮಾನ್ಯವಾಗಿ ದಾಖಲಿಸುವುದಿಲ್ಲ. ಮರಳಿನ ಕಣ ದಾಖಲಿಸುತ್ತದೆ. ಬಿಸಿಲಿಗೆ ಬಿದ್ದಾಗ ಕಣದೊಳಗೆ ಶೇಖರವಾಗಿದ್ದ ಶಕ್ತಿ ಖಾಲಿಯಾಗುತ್ತದೆ. ಹೂತುಹೋದ ಗಳಿಗೆಯಿಂದ ಸುತ್ತಲಿನ ಮಣ್ಣಿನ ವಿಕಿರಣದಿಂದ ಮತ್ತೆ ತುಂಬತೊಡಗುತ್ತದೆ. ಕತ್ತಲಲ್ಲಿ ಕಣವನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳಕು ತಾಗಿಸಿ, ಅದು ಬಿಡುವ ಹೊಳಪನ್ನು ಅಳೆದರೆ ಎಷ್ಟು ಕಾಲ ಹೂತಿತ್ತೆಂದು ತಿಳಿಯುತ್ತದೆ. ಪಕ್ಕದಲ್ಲಿ ಇದ್ದಿಲು ಇದ್ದರೆ ಇಂಗಾಲದ ಲೆಕ್ಕ ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದಾಗ, ಸುಣ್ಣಕಲ್ಲಿನ ಕೈಗೊಡಲಿಗಳು ಅವು ತಯಾರಾದ ಜಾಗದಲ್ಲೇ, ಒಡೆದ ಚೂರುಗಳ ನಡುವೆಯೇ ಇದ್ದವು. ಜೊತೆಗೆ ದನದ ಜಾತಿಯ ಪ್ರಾಣಿಯ ಹಲ್ಲುಗಳಿದ್ದವು. ಹಲ್ಲಿನ ಹೊರಕವಚವನ್ನು ಪರೀಕ್ಷಿಸಿ ಪಡೆದ ಕಾಲ ಸುಮಾರು 12 ಲಕ್ಷ ವರ್ಷ. ಆ ಕೈಗೊಡಲಿಯೊಂದನ್ನು ಯಾರಾದರೂ ಮೊದಲೇ ಎತ್ತಿಕೊಂಡು ಹೋಗಿ ಮನೆಯ ಮಾಡದಲ್ಲಿ ಇಟ್ಟಿದ್ದರೆ ಅದು ಬರೀ ಚಂದದ ಕಲ್ಲಾಗಿ ಉಳಿಯುತ್ತಿತ್ತು.

ಕಲ್ಲೇ ಕಾಲ ಹೇಳುವ ಒಂದು ಸಂದರ್ಭವಿದೆ. ಉಪಕರಣ ಹಿಂದೆ ಬೆಂಕಿಯಲ್ಲಿ ಚೆನ್ನಾಗಿ ಸುಟ್ಟಿದ್ದರೆ, ಮರಳಿನ ಕಣದ ಹಾಗೆ ಅದರ ಗಡಿಯಾರವೂ ಆ ಬೆಂಕಿಯಲ್ಲಿ ಸೊನ್ನೆಗೆ ಬಂದಿರುತ್ತದೆ. ಮೊರೊಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸುಟ್ಟ ಚಕಮಕಿ ಕಲ್ಲುಗಳಿಂದಲೇ ಸುಮಾರು 3,15,000 ವರ್ಷ ಎಂಬ ಕಾಲ ಸಿಕ್ಕಿತು. ಆದರೆ ಅಲ್ಲೂ ಸುತ್ತಲಿನ ಮಣ್ಣಿನ ವಿಕಿರಣ ಎಷ್ಟೆಂದು ಅಳೆಯದೆ ಲೆಕ್ಕ ಮುಗಿಯುವುದಿಲ್ಲ. ಇನ್ನು ಮೈಮೇಲೆ ಕೂತ ಬಣ್ಣ, ಬಿಳಿಚು, ಹೊಳಪು ನೋಡಿ ವಯಸ್ಸು ಹೇಳುವುದನ್ನು ಬಿಡುವುದೇ ಒಳ್ಳೆಯದು. ಮಣ್ಣಿನ ಸುಣ್ಣ, ನೀರು, ಬಿಸಿಲು ಇವುಗಳ ಪ್ರಕಾರ ಒಂದೇ ಕಾಲದ ಎರಡು ಕಲ್ಲುಗಳು ಬೇರೆ ಬೇರೆ ಬಣ್ಣ ತಳೆಯುತ್ತವೆ.

ಇಷ್ಟಾದ ಮೇಲೆ, ಸಿಕ್ಕಿದವರು ಏನು ಮಾಡಬೇಕು? ನನ್ನ ಕೋರಿಕೆ, ಎತ್ತುವ ಮೊದಲು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಡಿ. ಹತ್ತು ಹೆಜ್ಜೆ ಹಿಂದೆ ನಿಂತು ಇಡೀ ಜಾಗದ ಇನ್ನೊಂದು ಚಿತ್ರ ತೆಗೆಯಿರಿ: ಹಳ್ಳದ ಗೋಡೆಯೇ, ಉತ್ತ ಹೊಲವೇ, ಬೇರೆ ಕಡೆಯಿಂದ ಲಾರಿಯಲ್ಲಿ ತಂದು ಸುರಿದ ಮಣ್ಣೇ? ಕೊನೆಯದಾದರೆ ಆ ಮಣ್ಣು ಎಲ್ಲಿಂದ ಬಂತೆಂದು ಕೇಳಿ ಬರೆದಿಡಿ. ಮೊಬೈಲಿನ ನಕ್ಷೆಯಲ್ಲಿ ಸ್ಥಳ ಗುರುತಿಸಿಕೊಳ್ಳಿ. ಸುತ್ತ ಅಂಥವೇ ಚೂರುಗಳಿವೆಯೇ ನೋಡಿ. ಒಂಟಿ ಮೊನೆಗಿಂತ ಅದರ ಸುತ್ತ ಬಿದ್ದಿರುವ ರದ್ದಿ ಚೂರುಗಳು ಹೆಚ್ಚು ಹೇಳುತ್ತವೆ, ಏಕೆಂದರೆ ಅಲ್ಲಿ ಯಾರೋ ಕೂತು ಕೆಲಸ ಮಾಡಿದ್ದಾರೆ. ಹಳ್ಳದ ಗೋಡೆಯಲ್ಲಿ ಕಲ್ಲು ಇನ್ನೂ ಕಚ್ಚಿಕೊಂಡಿದ್ದರೆ ಕೀಳಲೇಬೇಡಿ. ಕೆದಕಬೇಡಿ, ತೊಳೆಯಬೇಡಿ, ವಾರ್ನಿಷ್ ಬಳಿಯಬೇಡಿ. ರಾಜ್ಯದ ಪುರಾತತ್ತ್ವ ಇಲಾಖೆಗೋ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಧಾರವಾಡ, ಬೆಂಗಳೂರು, ಹಂಪಿ ಕಚೇರಿಗಳಿಗೋ, ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಚಿತ್ರ ಕಳಿಸಿ. ಪುರಾತನ ವಸ್ತುಗಳನ್ನು ಪರವಾನಗಿ ಇಲ್ಲದೆ ಮಾರುವುದಕ್ಕೂ, ಖಾಸಗಿಯವರು ದೇಶದಾಚೆ ಒಯ್ಯುವುದಕ್ಕೂ 1972ರ ಕಾಯ್ದೆಯಲ್ಲಿ ತಡೆ ಇದೆ. ಊರಿಗೆ ಬಂದವರು ವಾಪಸು ಹೊರಡುವಾಗ ನೆನಪಿಗೆಂದು ಒಂದನ್ನು ಸೂಟ್‌ಕೇಸಿಗೆ ಹಾಕಿಕೊಳ್ಳುವುದು ಬೇಡ.

ರಾಬರ್ಟ್ ಬ್ರೂಸ್ ಫೂಟ್ ಈ ವಿಷಯದಲ್ಲಿ ನಮಗೆಲ್ಲ ದಾರಿ ತೋರಿದ ಮನುಷ್ಯ. 1863ರ ಮೇ 30ರಂದು ಚೆನ್ನೈ ಬಳಿಯ ಪಲ್ಲಾವರದಲ್ಲಿ ಕೈಗೊಡಲಿ ಕಂಡ ಈ ಭೂವಿಜ್ಞಾನಿ ಮುಂದೆ ದಶಕಗಳ ಕಾಲ ದಕ್ಷಿಣ ಭಾರತವನ್ನು ಸುತ್ತಿದ. ಅವನೂ ಎತ್ತಿಕೊಂಡ, ಸಾವಿರಾರು ಎತ್ತಿಕೊಂಡ. ಆದರೆ ಯಾವುದು ಯಾವ ಊರಿನದು ಎಂದು ಬರೆದಿಟ್ಟ. ಅವನ ಸಂಗ್ರಹ ಮದರಾಸಿನ ಮ್ಯೂಸಿಯಂ ಸೇರಿತು. 1914 ಮತ್ತು 1916ರಲ್ಲಿ ಅಚ್ಚಾದ ಅದರ ವಿವರ ಊರೂರಿನ ಲೆಕ್ಕದಲ್ಲಿದೆ. ಆ ಪಟ್ಟಿಯಿಂದಾಗಿಯೇ ನಂತರದವರು ಅದೇ ಹಳ್ಳ, ಅದೇ ಗುಡ್ಡಗಳಿಗೆ ಹೋಗಿ ಪದರ ನೋಡಲು ಸಾಧ್ಯವಾಯಿತು. ಅವನು ಗುರುತಿಸಿದ ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಲ್ಲಿ ಬಿ. ಸುಬ್ಬರಾವ್ ಅಗೆದರು, ಝಡ್.ಡಿ. ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಅಗೆದರು, ಈಚೆಗೆ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಗೆದರು. ಹಿರೇಗುಡ್ಡದಲ್ಲಿ ಕರಿಯ ಡಾಲರೈಟ್ ಕಲ್ಲನ್ನು ಒಡೆದು, ತಿದ್ದಿ, ಉಜ್ಜಿ ಕೊಡಲಿ ಮಾಡುತ್ತಿದ್ದ ನಾಲ್ಕು ಸಾವಿರ ವರ್ಷದಷ್ಟು ಹಿಂದಿನ ಕಾರ್ಖಾನೆಯೇ ಬೆಳಕಿಗೆ ಬಂತು. ಬರೀ ಕೊಡಲಿಯಿಂದ ಇದು ತಿಳಿಯುತ್ತಿರಲಿಲ್ಲ. ಒಡೆದು ಬಿಟ್ಟ ಚೂರುಗಳ ರಾಶಿ, ಉಜ್ಜಿ ಸವೆದ ಬಂಡೆ, ಅರೆಬರೆ ಮುಗಿದ ಕೊಡಲಿಗಳು ಅವು ಇದ್ದಲ್ಲೇ ಇದ್ದುದರಿಂದ ತಿಳಿಯಿತು. ಆ ಗುಡ್ಡಗಳನ್ನು ಗ್ರಾನೈಟಿಗಾಗಿ ಒಡೆಯತೊಡಗಿದಾಗ ಸಂಶೋಧಕರು ಅಷ್ಟು ಕಳವಳಪಟ್ಟದ್ದು ಇದಕ್ಕೇ.

ಫೂಟ್‌ನ ಹೆಸರಿನಲ್ಲಿ ಬಳ್ಳಾರಿಯಲ್ಲಿ ಈಗೊಂದು ಮ್ಯೂಸಿಯಂ ಇದೆ. ಶಾಲೆಯ ಪ್ರವಾಸ ಹಂಪಿಗೆ ಹೊರಟಾಗ ಒಂದು ಹೊತ್ತು ಅಲ್ಲಿಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ತಾನಾಗಿ ಒಡೆದ ಕಲ್ಲಿಗೂ ಮನುಷ್ಯ ಒಡೆದ ಕಲ್ಲಿಗೂ ಇರುವ ವ್ಯತ್ಯಾಸವನ್ನು ಗಾಜಿನ ಹಿಂದೆ ಒಮ್ಮೆ ಕಣ್ಣಾರೆ ಕಂಡ ಮಗು, ಮುಂದಿನ ಮಳೆಗಾಲದಲ್ಲಿ ತನ್ನೂರಿನ ಹಳ್ಳದಲ್ಲಿ ಅದನ್ನು ಗುರುತಿಸುತ್ತದೆ. ಎತ್ತುವ ಮೊದಲು ಜಾಗ ಬರೆದಿಟ್ಟುಕೊಳ್ಳುವುದನ್ನು ಅದಕ್ಕೆ ಅಲ್ಲಿಯೇ ಹೇಳಿಕೊಡಬಹುದು.